ಏಡನ್ನಿಗೆ ಹೊರಟ ಬಾಣಂತಿ ಎಣ್ಣೆ

ಶಹಾಪುರ

ವಿಮಾನದಲ್ಲಿ ಎಣ್ಣೆ ಒಯ್ಯುವವರು ಸೀಸೆಯನ್ನು ಕಂಠದವರೆಗೆ ತುಂಬಬಾರದು. ಇಷ್ಟನ್ನು ತಿಳಿಯಲು ನಾನು ಶಹಾಪುರದಿಂದ ಏಡನ್‌ವರೆಗೆ ಹೋಗಿ ಬರಬೇಕಾಯಿತು. ಶಾಲೆಯ ಹುಡುಗಿಯರು ಮೋಡ ಹತ್ತಿರದಿಂದ ಹೇಗೆ ಕಾಣುತ್ತದೆ ಎಂದು ಕೇಳುತ್ತಾರೆ. ಮೋಡ ನನಗೆ ಅಷ್ಟಾಗಿ ನೆನಪಿಲ್ಲ, ಎಣ್ಣೆ ನೆನಪಿದೆ.

ನಿಜಾಮರ ಆಡಳಿತ ಮುಗಿದು ಕೆಲವು ವರ್ಷಗಳಾಗಿದ್ದವು. ಉರ್ದುವಿನಲ್ಲಿ ಓದಿದ ನಾನು ಹೊಸದಾಗಿ ತೆರೆದ ಕನ್ನಡ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನನ್ನ ತಂಗಿ ನೀಲಮ್ಮನ ಗಂಡ ಶರಣಪ್ಪ ಏಡನ್ ಬಂದರಿನಲ್ಲಿ ಒಬ್ಬ ಗುಜರಾತಿ ಸೇಠರ ಹಡಗು ದಫ್ತರದಲ್ಲಿ ಗುಮಾಸ್ತ. ಅಲ್ಲಿ ಹುಟ್ಟಿದ ಅವರ ಮೊದಲ ಕೂಸು ತಿಂಗಳು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಿತ್ತು. ಆಗ ನಮ್ಮವರು ಯಾರೂ ಹತ್ತಿರ ಇರಲಿಲ್ಲ. ಈಗ ಎರಡನೆಯದಕ್ಕೆ ದಿನ ತುಂಬುತ್ತಿತ್ತು. ಈ ಸಲ ಅವ್ವನೇ ಹೋಗಿ ಬಾಣಂತನ ಮಾಡುವುದೆಂದು ನಿಕ್ಕಿಯಾಗಿತ್ತು. ಮಿರಗದ ಮಳೆ ಹತ್ತಿರ ಬಂದಿತ್ತು, ಸಮುದ್ರ ಏಳುವ ಕಾಲ. ಹಡಗಿನಲ್ಲಿ ಹೋದರೆ ಹೊತ್ತಿಗೆ ಮುಟ್ಟುವ ಭರವಸೆ ಇಲ್ಲವೆಂದು ಸೇಠರು ವಿಮಾನದಲ್ಲಿ ಒಂದು ಜಾಗ ಮಾಡಿಸಿದ್ದರು. ಎಲ್ಲ ಆದ ಮೇಲೆ ಅವ್ವ ಬಾವಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮನೆಯ ಹೆಂಗಸರಲ್ಲಿ ಉರ್ದುವೂ ಚೂರುಪಾರು ಇಂಗ್ಲಿಷೂ ಬರುತ್ತಿದ್ದುದು ನನಗೊಬ್ಬಳಿಗೆ. ಅವ್ವನ ಜೊತೆ ಹೋಗಬೇಕಾದೀತೆಂದು ನನ್ನ ಪಾಸ್‌ಪೋರ್ಟನ್ನೂ ಮಾಡಿಸಿಟ್ಟಿದ್ದರು. ಹೀಗೆ ಅವ್ವನ ಜಾಗ ನನಗೆ ಬಂತು.

ನನಗೆ ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ನಮ್ಮ ಕಡೆ ಮಕ್ಕಳಿಲ್ಲದವಳು ಬಾಣಂತನ ಮಾಡುವುದಿಲ್ಲ, ಹಸಿಗೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಬೇರೆ ಕೆಲಸ ಹೇಳುತ್ತಾರೆ. ಯಾರದೇ ಮನೆಯ ತೊಟ್ಟಿಲ ಕಾರ್ಯವಾದರೂ ನನ್ನ ಜಾಗ ಅಡಿಗೆ ಮನೆ, ನನ್ನ ಪಾಲಿಗೆ ಹೋಳಿಗೆಯ ಹೂರಣ. ಇಷ್ಟು ವರ್ಷಗಳ ರೂಢಿಯಿಂದ ನನ್ನ ಹೂರಣಕ್ಕೆ ಊರಲ್ಲಿ ಒಳ್ಳೆಯ ಹೆಸರಿದೆ.

ಆದ್ದರಿಂದ ನಾನು ಹೊರಟೆನೆಂದಾಗ ಕೂಸನ್ನು ಎರೆಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ದಾರಿ ಹುಡುಕಿದವಳು ಅವ್ವ. ಬಿದಿರ ಸೀಳು ಕಟ್ಟಿದ ಕಾಲು ಚಾಚಿಕೊಂಡು ಒಲೆಯ ಪಕ್ಕ ಹೊರಸಿನ ಮೇಲೆ ಕೂತು, ಔಡಲ ಎಣ್ಣೆಗೆ, ಅದೇ ಹರಳೆಣ್ಣೆಗೆ, ಬಳ್ಳೊಳ್ಳಿ, ಅಜವಾನ, ಇನ್ನೂ ಏನೇನೋ ಬೇರು ಹಾಕಿಸಿ ನನ್ನ ಕೈಯಿಂದಲೇ ಕುದಿಸಿದಳು. ಇಡೀ ಓಣಿಗೆ ಬಾಣಂತಿ ಮನೆಯ ವಾಸನೆ ಹಿಡಿಯಿತು.

"ಎಣ್ಣಿ ನಂದದ," ಅಂದಳು. "ನೀ ಬರೇ ಒಯ್ದು ಮುಟ್ಟಿಸು. ಅಲ್ಲಿ ಮಕ್ಕಳ ತಾಯಿ ಯಾರರೆ ಇದ್ದೇ ಇರ್ತಾಳ, ಅಕಿ ಎರೀತಾಳ."

ಹಾಗೆ ನಾನು ಎಣ್ಣೆಯ ಹಮಾಲಿಯಾಗಿ ಹೊರಟೆ. ಬೇಸರವಾಯಿತೇ ಎಂದರೆ ಆಯಿತು. ಆದರೆ ಅವ್ವ ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ.

ಗಂಟು ಕಟ್ಟುವುದು ನಮ್ಮ ಯಜಮಾನರ ಜವಾಬ್ದಾರಿ. ಅವರು ಕಾರಕೂನರು, ಯಾವ ಕಾಗದದಲ್ಲಿ ಏನು ಬರೆದಿದೆಯೋ ಅದನ್ನು ಬರೆದಂತೆಯೇ ಮಾಡುವವರು. ಟಿಕೀಟಿನ ಜೊತೆ ಬಂದ ಇಂಗ್ಲಿಷ್ ಸೂಚನೆಗಳನ್ನು ಓದಿ ಓದಿ ಹೇಳುತ್ತಿದ್ದರು. ಫೌಂಟನ್ ಪೆನ್ನಿನ ಮಸಿ ಚೆಲ್ಲಬೇಕು, ಮೇಲೆ ಹೋದಾಗ ಅದು ತಾನೇ ಕಾರಿಕೊಳ್ಳುತ್ತದೆ. ಸೀಸೆಗಳನ್ನು ನಿಲ್ಲಿಸಿಯೇ ಇಡಬೇಕು. ಯಾವ ಸೀಸೆಯನ್ನೂ ತುಂಬ ತುಂಬಬಾರದು, ಒಳಗಿನದು ಹಿಗ್ಗಲು ಜಾಗ ಬಿಡಬೇಕು. ನನ್ನ ಹಲ್ಲುಪುಡಿ, ಶೀಗೆಪುಡಿ, ಕಡಲೆಹಿಟ್ಟಿಗೆ ಈ ಕಾಯಿದೆಗಳು ತಾಗಲಿಲ್ಲ. ಮುಖಕ್ಕೆ ಹಚ್ಚುವ ಸ್ನೋ ಡಬ್ಬಿಯ ಬಗ್ಗೆ ಅವರಿಗೆ ಅನುಮಾನ ಬಂತು: ಇದು ನೀರೋ ಗಟ್ಟಿಯೋ? ಡಬ್ಬಿಯನ್ನು ಬೋರಲು ಹಾಕಿ ನೋಡಿ, ಬೀಳಲಿಲ್ಲವಾದ್ದರಿಂದ ಗಟ್ಟಿ ಎಂದು ತೀರ್ಮಾನಿಸಿದರು. ಲಿಂಬಿಕಾಯಿ ಉಪ್ಪಿನಕಾಯಿಯನ್ನು ಅವರು ಬಿಟ್ಟು ಬಾ ಅಂದರು, ನಾನು ಸೀರೆಯ ಮಡಿಕೆಯೊಳಗೆ ಸೇರಿಸಿದೆ. ದಾರಿಯಲ್ಲಿ ಹಣೆಗೆ ಹಚ್ಚಿಕೊಳ್ಳಲು ಅವ್ವ ಕೊಟ್ಟ ಕೊಡೇಕಲ್ಲಿನ ಗುಡಿಯ ಅಂಗಾರದ ಪುಡಿಕೆಯನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡೆ.

ಎಣ್ಣೆಗೆ ಶರಬತ್ತಿನ ಒಂದು ದೊಡ್ಡ ಸೀಸೆ ಸಿಕ್ಕಿತ್ತು. ಹಿಂದಿನ ಸಂಜೆ ಅದಕ್ಕೆ ಎಣ್ಣೆ ತುಂಬಿ, ಸೂಚನೆಯಂತೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಬಿರಡೆ ಒತ್ತಿ ಇಟ್ಟೆ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅವ್ವ ಅದನ್ನು ನೋಡಿದಳು. ನಮ್ಮಲ್ಲಿ ಬಾಣಂತಿಯ ಮನೆಗೆ ಅರೆ ತುಂಬಿದ್ದನ್ನು ಒಯ್ಯುವುದಿಲ್ಲ. ಹಾಲಾಗಲಿ ಎಣ್ಣೆಯಾಗಲಿ, ಪಾತ್ರೆ ತುಂಬಿರಬೇಕು. ಅರೆ ತುಂಬಿದ್ದು ಒಯ್ದರೆ ಆ ಮನೆಯ ಭಾಗ್ಯವೂ ಅರೆಯಾಗುತ್ತದೆಂದು ನಂಬಿಕೆ. ಅದರಲ್ಲೂ ಒಂದು ಕೂಸು ಕಳೆದುಕೊಂಡ ಮಗಳಿಗೆ. ಅವ್ವ ಬಿರಡೆ ಕಿತ್ತು, ಉಳಿದ ಎಣ್ಣೆಯನ್ನು ಕಂಠ ಮೀರುವಂತೆ ಸುರಿದು, ಮತ್ತೆ ಒತ್ತಿದಳು. ಅಲ್ಲೇ ಅರಗು ಕಾಸುತ್ತ ಕೂತಿದ್ದ ಯಜಮಾನರು ಅದರ ಮೇಲೆ ಅರಗು ಹಾಕಿ, ಬೆರಳಿನ ಮುದ್ರೆಯುಂಗುರ ಒತ್ತಿ, ಬಟ್ಟೆ ಸುತ್ತಿಬಿಟ್ಟರು. ಇದು ನನಗೆ ತಿಳಿದದ್ದು ವಾಪಸು ಬಂದ ಮೇಲೆ. ಕಣ್ಣಾರೆ ಕಂಡು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರೆ, ಅತ್ತೆಯವರ ಎದುರು ಬಾಯಿ ತೆರೆಯುವುದು ಯಾವ ಸೂಚನೆಯಲ್ಲೂ ಬರೆದಿರಲಿಲ್ಲ ಅಂದರು.

ಯಾದಗಿರಿ

ಬಸ್ಸಿನಲ್ಲಿ ಸಗರದ ಕಡೆಯ ಒಬ್ಬ ಕುರಿಗಾರ ಎರಡು ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದ. ನಾನು ಸೀಸೆಯ ಚೀಲವನ್ನು ತೊಡೆಯ ಮೇಲೆ ಹಿಡಿದಿದ್ದೆ. ಎಲ್ಲಿಗೆ ಎಂದು ಕೇಳಿದ. ಏಡನ್ ಅಂದೆ. ವಡಗೇರಾದಿಂದ ಎಷ್ಟು ದೂರ ಅಂದ. ಅವನ ಲೆಕ್ಕಕ್ಕೆ ಎಲ್ಲ ಊರೂ ವಡಗೇರಾದಿಂದ ಶುರು. ಆಕಾಶದಲ್ಲಿ ಹೋಗುವುದೆಂದ ಮೇಲೆ ಅವನು ಮರಿಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

ಯಾದಗಿರಿ ಸ್ಟೇಷನ್ನಿನಲ್ಲಿ ಮೇಲ್ ಗಾಡಿ ತಡವಾಗಿತ್ತು. ಕಳಿಸಲು ಜೊತೆಗೆ ಬಂದಿದ್ದ ಯಜಮಾನರು ಸೂಚನೆಗಳನ್ನೆಲ್ಲ ಮತ್ತೊಮ್ಮೆ ಹೇಳಿಕೊಟ್ಟರು. ಗಾಡಿ ಬಂದು ನಾನು ಹತ್ತಿದ ಮೇಲೆ ಕಿಟಕಿಯ ಹತ್ತಿರ ನಿಂತು, ಸೀಸೆ ನಿಲ್ಲಿಸಿಯೇ ಇಡು ಅಂದರು. ಬೇರೆ ಗಂಡಂದಿರು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ಗೊತ್ತಿಲ್ಲ. ಇವರ ಕಣ್ಣು ಕೆಂಪಾಗಿತ್ತು.

ಮುಂಬಯಿ

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗಿದ ಮೇಲೆ ನನ್ನನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದರು. ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ತೂಗುವುದನ್ನು ನೋಡಿದ್ದೆ, ಹೆಂಗಸರನ್ನು ತೂಗುವುದನ್ನು ನೋಡಿರಲಿಲ್ಲ. ನನ್ನ ಹಿಂದೆ ಒಬ್ಬ ದಪ್ಪನೆಯ ವ್ಯಾಪಾರಿ ಉಸಿರು ಬಿಗಿಹಿಡಿದು ಹತ್ತಿದ. ಉಸಿರಿಗೂ ತೂಕವಿದೆಯೆಂದು ಅವನು ತಿಳಿದಿದ್ದಿರಬೇಕು.

ಸುಂಕದ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಹಲ್ಲುಪುಡಿಯನ್ನು ಮೂಸಿದ, ಶೀಗೆಪುಡಿ ಮೂಸಿ ಸೀನಿದ, ಕಡಲೆಹಿಟ್ಟಿನಲ್ಲಿ ಬೆರಳಾಡಿಸಿದ. ಸ್ನಾನಕ್ಕೆ ಹಿಟ್ಟು ಯಾಕೆ ಎಂದು ಹಿಂದುಸ್ತಾನಿಯಲ್ಲಿ ಕೇಳಿದ. ನಿಮ್ಮ ತಾಯಿಯನ್ನು ಕೇಳಿ ಅಂದೆ. ಕೊನೆಗೆ ಸೀಸೆಯ ಬಟ್ಟೆ ಬಿಚ್ಚಿದ. ಕೆಂಪು ಅರಗು, ಅದರ ಮೇಲೆ ಮುದ್ರೆ. ಅವನ ದನಿ ಬದಲಾಯಿತು. ಯಾವ ಸಂಸ್ಥಾನ ಎಂದು ಕೇಳಿದ. ನಾನು ಇದ್ದದ್ದನ್ನೇ ಹೇಳಿದೆ: ನಮ್ಮೂರು ಸುರಪುರದ ಹತ್ತಿರ. ಸುರಪುರದ ಹೆಸರನ್ನು ಅವನು ಎಲ್ಲಿ ಕೇಳಿದ್ದನೋ, ಸೀಸೆಯನ್ನು ಎರಡೂ ಕೈಯಲ್ಲಿ ಎತ್ತಿ ವಾಪಸು ಕೊಟ್ಟ. ಸಂಸ್ಥಾನಗಳೆಲ್ಲ ಕರಗಿಹೋದ ಕಾಲದಲ್ಲೂ ಅರಗಿಗೆ ಅಷ್ಟು ಮರ್ಯಾದೆ ಉಳಿದಿತ್ತು. ಆ ಪುಣ್ಯಾತ್ಮ ಸ್ವಲ್ಪ ಒರಟನಾಗಿದ್ದು ಬಿರಡೆ ತೆಗೆಸಿದ್ದರೆ ಒಂದಿಷ್ಟು ಎಣ್ಣೆ ಅಲ್ಲೇ ಚೆಲ್ಲಿ, ಉಳಿದದ್ದು ಸುಖವಾಗಿ ಏಡನ್ ಮುಟ್ಟುತ್ತಿತ್ತು.

ಮೋಡದ ಮೇಲೆ

ಕಿವಿ ಮುಚ್ಚಿಕೊಂಡಿತು, ಪಕ್ಕದ ಹೆಂಗಸು ಕಾಗದದ ಚೀಲದಲ್ಲಿ ಮುಖ ಹುದುಗಿಸಿದಳು. ಇವೆಲ್ಲ ಎಲ್ಲರೂ ಬರೆಯುವ ಮಾತುಗಳು. ನನ್ನ ಚೀಲವನ್ನು ತಲೆಯ ಮೇಲಿನ ಹಲಗೆಯಲ್ಲಿ ಇಡಿಸಿದ್ದರು. ನಿಲ್ಲಿಸಿಯೇ ಇಟ್ಟಿದ್ದೆ. ವಿಮಾನ ಒಂದು ಸಲ ಬಾವಿಗೆ ಬಿದ್ದಂತೆ ಕೆಳಗಿಳಿದು ಮತ್ತೆ ಎದ್ದಿತು. ಚೀಲ ಆಗಲೇ ಮಲಗಿರಬೇಕು.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಇಂಗ್ಲಿಷ್ ಸಾಹೇಬರಿದ್ದರು. ನಡುನೆತ್ತಿ ಬೋಳು. ಪತ್ರಿಕೆ ಓದುತ್ತಿದ್ದವರು ನೆತ್ತಿಯನ್ನು ಒಮ್ಮೆ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಬೆರಳನ್ನು ಮೂಸಿದರು. ಆಮೇಲೆ ನೆಟ್ಟಗೆ ಎದ್ದು ನಿಂತು ಗಗನಸಖಿಯನ್ನು ಕರೆದು, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಆ ಹುಡುಗಿಯ ಮುಖ ಬಿಳುಚಿತು. ಅವಳು ಮುಂದಿನ ಬಾಗಿಲಿನೊಳಗೆ ಹೋಗಿ ಟೊಪ್ಪಿಗೆಯ ಒಬ್ಬ ಅಧಿಕಾರಿಯನ್ನು ಕರೆತಂದಳು. ಅವರು ಛತ್ತು ಮುಟ್ಟಿ ನೋಡಿದರು, ಕಿಟಕಿಯಿಂದ ರೆಕ್ಕೆ ನೋಡಿದರು. ಅಷ್ಟರಲ್ಲಿ ಬಳ್ಳೊಳ್ಳಿಯ ವಾಸನೆ ನನ್ನ ಸಾಲಿಗೂ ಬಂತು, ನನಗೆ ಎಲ್ಲ ಗೊತ್ತಾಯಿತು.

ಎದ್ದು ನಿಂತು, ಅದು ನನ್ನದು ಅಂದೆ. ಚೀಲ ಇಳಿಸಿದರು. ಬಿರಡೆ ಅರಗಿನ ಸಮೇತ ಹೊರಗೆ ಬಂದಿತ್ತು. ಸೀಸೆಯ ತಳದಲ್ಲಿ ಒಂದೆರಡು ಚಮಚೆ ಎಣ್ಣೆ ಉಳಿದಿದ್ದರೆ ಹೆಚ್ಚು. ಮಿಕ್ಕಿದ್ದನ್ನೆಲ್ಲ ನನ್ನ ಎರಡು ಇಳಕಲ್ ಸೀರೆಗಳು ಕುಡಿದಿದ್ದವು. ಅವಕ್ಕೆ ಸಾಲದ್ದು ಸಾಹೇಬರ ನೆತ್ತಿಗೆ ಇಳಿದಿತ್ತು.

ಅವರು ಸಿಟ್ಟಾಗುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ನಗುತ್ತಿದ್ದರು. ಗಗನಸಖಿ ಅವರ ಮಾತನ್ನು ಹಿಂದುಸ್ತಾನಿಯಲ್ಲಿ ತಿಳಿಸಿದಳು. ಮೊದಲ ಮಹಾಯುದ್ಧದಲ್ಲಿ ಅವರು ವಿಮಾನ ಹಾರಿಸುತ್ತಿದ್ದರಂತೆ. ಆ ಕಾಲದ ವಿಮಾನಗಳ ಯಂತ್ರಕ್ಕೆ ಔಡಲ ಎಣ್ಣೆಯನ್ನೇ ಹಾಕುತ್ತಿದ್ದರಂತೆ, ಅದು ಹಾರಿ ಹಾರಿ ಅವರ ಮುಖಕ್ಕೆ ಬೀಳುತ್ತಿತ್ತಂತೆ. ಈಗ ನೆತ್ತಿಗೆ ಅದೇ ಎಣ್ಣೆ ಬಿದ್ದಾಗ ಈ ವಿಮಾನದ ಯಂತ್ರ ಒಡೆಯಿತೆಂದೇ ತಿಳಿದರಂತೆ. ಆದರೆ ಬಳ್ಳೊಳ್ಳಿ ಮಾತ್ರ ಯಾಕಿದೆ ಎಂದು ಅವರಿಗೆ ಹೊಳೆಯಲಿಲ್ಲವಂತೆ. ಬಾಣಂತಿಗೆ ವಾಯು ಆಗಬಾರದೆಂದು ಹಾಕಿದ್ದು ಅಂತ ನಾನು ಹೇಳಿದೆ. ಗಗನಸಖಿ ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿದಳೋ, ಸಾಹೇಬರು ಬಹಳ ಹೊತ್ತು ಗಂಭೀರವಾಗಿ ತಲೆಯಾಡಿಸಿದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸೀರೆಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅಳು ಬಂತು. ಬಾಣಂತನಕ್ಕೆಂದು ಅವ್ವ ನನ್ನ ಕೈಯಲ್ಲಿ ಕೊಟ್ಟದ್ದು ಅದೊಂದೇ. ನೀಲಮ್ಮನ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದೆಂದರೆ, ನಾನು ನಾನಾಗಿಯೇ ಹೋಗಿ ನಿಂತ ಹಾಗೆ. ಹಾಗೆ ಬಂದವಳನ್ನು ಅವಳು ಒಳಗೆ ಕರೆದುಕೊಂಡಾಳೇ ಎಂಬ ಭಯ ಏಡನ್ ಬರುವ ತನಕ ಹೋಗಲಿಲ್ಲ.

ಏಡನ್

ಶಹಾಪುರದ ಗುಡ್ಡವನ್ನು ಒಲೆಯಲ್ಲಿಟ್ಟು ಸುಟ್ಟು ಸಮುದ್ರದ ದಂಡೆಗೆ ತಂದಿಟ್ಟರೆ ಏಡನ್ ಆಗುತ್ತದೆ. ಕಪ್ಪು ಕಲ್ಲು, ಒಂದು ಹಸಿರು ಕಡ್ಡಿ ಇಲ್ಲ. ನಮ್ಮ ಕಡೆಯ ಬಿಸಿಲು ಒಣ ಬಿಸಿಲು, ನೆರಳಿಗೆ ಹೋದರೆ ಬಿಡುತ್ತದೆ. ಅಲ್ಲಿಯದು ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡು ನೆರಳಿಗೂ ಹಿಂದೆ ಬರುತ್ತದೆ. ಓಣಿಗಳಲ್ಲಿ ಆಡುಗಳು ಹುಲ್ಲು ಇಲ್ಲದ್ದಕ್ಕೆ ಹಳೆಯ ಕಾಗದ ತಿನ್ನುತ್ತವೆ. ಒಂದು ಆಡು ಇಂಗ್ಲಿಷ್ ಪತ್ರಿಕೆಯ ಅರ್ಧ ಪುಟ ಮುಗಿಸುವುದನ್ನು ನಾನು ನಿಂತು ನೋಡಿದೆ.

ನೀರನ್ನು ಒಂಟೆಯ ಗಾಡಿಯಲ್ಲಿ ತರುತ್ತಾರೆ. ಕುಡಿಯುವುದು ಬೇರೆ, ತೊಳೆಯುವುದು ಬೇರೆ. ತೊಳೆಯುವ ನೀರು ಸವಳು, ಸಾಬೂನು ನೊರೆ ಬಿಡುವುದಿಲ್ಲ, ಮೊಸರಿನ ಹಾಗೆ ಒಡೆಯುತ್ತದೆ. ನನ್ನ ಕಡಲೆಹಿಟ್ಟು ಮಾತ್ರ ಅಲ್ಲೂ ಮರ್ಯಾದೆಯಿಂದ ನಡೆದುಕೊಂಡಿತು. ಮಧ್ಯಾಹ್ನವಾದರೆ ಗಂಡಸರು ಒಂದು ಬಗೆಯ ಎಲೆಯನ್ನು ಕೆನ್ನೆಯಲ್ಲಿ ತುಂಬಿಕೊಂಡು ಗೋಡೆಗೆ ಒರಗುತ್ತಾರೆ. ಆಗ ಬೆಂಕಿ ಬಿದ್ದರೂ ಏಳುವುದಿಲ್ಲ. ನಮ್ಮ ಕಡೆಯ ಎಲೆಅಡಿಕೆಯವರು ಕನಿಷ್ಠ ಉಗುಳಲಾದರೂ ಏಳುತ್ತಾರೆ.

ಶರಣಪ್ಪ ನಿಲ್ದಾಣಕ್ಕೆ ಬಂದು, ನೀಲಮ್ಮ ಹಡೆದಿದ್ದಾಳೆ, ಹೆಣ್ಣು ಕೂಸು, ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ ಎಂದು ಹೇಳಿದ. ಅವ್ವನ ಕಾಲಿನ ಸುದ್ದಿಯ ತಾರು ಅವನ ಕೈಸೇರಿತ್ತು. ಆದರೆ ಬಾಣಂತಿಗೆ ಹೇಳುವ ಧೈರ್ಯ ಅವನಿಗೆ ಆಗಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಒಳಗೆ ಹೋದಾಗ ನೀಲಮ್ಮ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಅವ್ವ ಬರುತ್ತಾಳೆಂದು ಕಾದಳು. ನಾನು ಕಾಲಿನ ವಿಷಯ ಹೇಳಿದೆ, ಎಣ್ಣೆಯ ವಿಷಯವನ್ನೂ ಹೇಳಿದೆ. ಅವಳು ಅತ್ತಳು. ನಾನು ಅವಳ ತಲೆ ಸವರಿ, ಕೂಸಿನ ಕಡೆ ಕೈ ಚಾಚಿದೆ. ಅವಳು ಕೂಸನ್ನು ತನ್ನ ಕಡೆ ಎಳೆದುಕೊಂಡಳು.

"ಅಕ್ಕಾ, ಸಿಟ್ಟಾಗಬ್ಯಾಡ," ಅಂದಳು. "ನೀ ಕೂಸು ಮುಟ್ಟಬ್ಯಾಡ. ಒಂದು ಹೋಗ್ಯಾದ. ನನಗ ಅಂಜಿಕಿ ಬರ್ತದ."

ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು. ಊರಿನವರು ಹೇಳದೇ ತಿಳಿಸುತ್ತಿದ್ದುದನ್ನು ಇವಳು ಹೇಳಿ ತಿಳಿಸಿದಳು, ಅಷ್ಟೇ ವ್ಯತ್ಯಾಸ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅಡಿಗೆ ಮನೆ ಎಲ್ಲಿದೆ ಎಂದು ಶರಣಪ್ಪನನ್ನು ಕೇಳಿದೆ.

ಮಾಳಿಗೆಯ ಮೇಲೆ

ಮರುದಿನ ಎಣ್ಣೆಯ ಸೀರೆಗಳನ್ನು ಮಾಳಿಗೆಯ ಮೇಲೆ ತೊಳೆಯಲು ಕೂತೆ. ಸವಳು ನೀರಿಗೆ ಔಡಲ ಎಣ್ಣೆ ಜಗ್ಗಲಿಲ್ಲ. ತಿಕ್ಕಿದಷ್ಟೂ ವಾಸನೆ ಎದ್ದಿತು. ಹಗ್ಗಕ್ಕೆ ಹರವಿದ ಮೇಲೆ ಬಿಸಿಲಿಗೆ ಕಾದು ಇಡೀ ಓಣಿಗೆ ಹಬ್ಬಿತು. ಪಕ್ಕದ ಮಾಳಿಗೆಯ ಗುಜರಾತಿ ಹೆಂಗಸು ಕಿಟಕಿ ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಯಾರೋ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಪ್ಪು ಬುರಖಾದ ಒಬ್ಬ ಹೆಂಗಸು, ಹಿಂದೆ ಸಾಲಾಗಿ ಮಕ್ಕಳು. ಮುಸುಕು ಎತ್ತಿ ಸೀರೆಯ ಸೆರಗನ್ನು ಮೂಗಿಗೆ ಹಿಡಿದಳು.

"ಈ ವಾಸನಿ ನಮ್ಮೂರಿಂದು," ಅಂದಳು ಕನ್ನಡದಲ್ಲಿ. "ಯಾರ ಬಾಣಂತನ ನಡದದ ಇಲ್ಲಿ?"

ನಾನು ಬಕೀಟು ಕೈಬಿಟ್ಟೆ. ಅವಳ ಹೆಸರು ಹಾಜರಬಿ, ಹುಟ್ಟಿದ್ದು ಸಗರದಲ್ಲಿ. ನಮ್ಮ ಕಡೆ ಜಹಗೀರದಾರರ ವಾಡೆಗಳನ್ನು, ಖಜಾನೆಗಳನ್ನು ಕಾಯುತ್ತಿದ್ದ ಅರಬರನ್ನು ಚೌಷರೆಂದು ಕರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಂಥ ಒಬ್ಬ ಚೌಷನ ಹೆಂಡತಿ ಅವಳು. ರಾಜ್ಯ ಬದಲಾದ ಮೇಲೆ ಅರಬಸ್ತಾನದಲ್ಲಿ ಹುಟ್ಟಿದವರನ್ನು ಅವರ ದೇಶಕ್ಕೆ ಹಡಗು ಹತ್ತಿಸಿದರು. ಗಂಡನ ಜೊತೆ ಇವಳೂ ಹತ್ತಿದಳು. ಈಗ ಗಂಡ ಬಂದರಿನ ಗೋದಾಮು ಕಾಯುತ್ತಿದ್ದ. ಸಗರ ಬಿಟ್ಟ ಮೇಲೆ ಕನ್ನಡ ಮಾತಾಡಿದ್ದು ಇವತ್ತೇ ಅಂದಳು. ಹಾಗೆ ಹೇಳಿ ಒಂದು ತಾಸು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಸಗರದ ಬಾವಿಗಳು, ಯಾದಗಿರಿಯ ಬಸ್ಸು, ಶಹಾಪುರದ ಸಂತೆಯಲ್ಲಿ ತನಗೆ ಮೋಸ ಮಾಡಿದ ಬಳೆಗಾರ, ಎಲ್ಲವನ್ನೂ ವಿಚಾರಿಸಿದಳು. ಬಳೆಗಾರ ಸತ್ತನೆಂದು ತಿಳಿದು ಬೈದದ್ದಕ್ಕೆ ತೋಬಾ ಅಂದು ಕೆ‌ನ್ನೆ ಮುಟ್ಟಿಕೊಂಡಳು.

ಕೆಳಗೆ ಬಂದು ನೀಲಮ್ಮನನ್ನು ನೋಡಿದವಳೇ ದರ್ಬಾರು ಶುರು ಮಾಡಿದಳು. ಕಿಟಕಿ ಮುಚ್ಚು, ತಣ್ಣೀರು ಮುಟ್ಟಬೇಡ, ಗಂಡ ಹೊರಗೆ ಮಲಗಲಿ. ಆಸ್ಪತ್ರೆಯವರು ಕೂಸಿಗೆ ಎಣ್ಣೆ ಹಚ್ಚಿಲ್ಲವೆಂದು ಕೇಳಿ ಹಣೆ ಬಡಿದುಕೊಂಡಳು. ನಾಳೆಯಿಂದ ತಾನೇ ಎರೆಯುತ್ತೇನೆ ಅಂದಳು. ನೀಲಮ್ಮ ಅವಳ ಹಿಂದೆ ನಿಂತಿದ್ದ ಐದು ಮಕ್ಕಳನ್ನು ನೋಡಿದಳು. ಐದೂ ಗಟ್ಟಿಮುಟ್ಟು, ಕಣ್ಣಿಗೆ ಸುರ್ಮಾ. ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟುಬಿಟ್ಟಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ಹೇಳಿದ ಮಕ್ಕಳ ತಾಯಿ ಸಿಕ್ಕಿದಳು, ಸಂತೋಷಪಡಬೇಕಾಗಿತ್ತು.

ಒಂಟೆಯ ಗಾಣ

ಎಣ್ಣೆಗೆ ಹಾಜರಬಿ ನನ್ನನ್ನು ಬಜಾರಿಗೆ ಕರೆದೊಯ್ದಳು. ಒಂದು ಕತ್ತಲೆ ಕೊಟ್ಟಿಗೆಯಲ್ಲಿ ಒಂಟೆ ಗಾಣ ಸುತ್ತುತ್ತಿತ್ತು. ನಮ್ಮ ಗಾಣದ ಎತ್ತಿನ ಹಾಗೆಯೇ ಅದರ ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಎತ್ತಾದರೆ ತಲೆ ತಗ್ಗಿಸಿ ಸುತ್ತುತ್ತದೆ. ಒಂಟೆ ಕಣ್ಣು ಕಟ್ಟಿದ್ದರೂ ಮೂಗು ಮೇಲೆತ್ತಿಕೊಂಡು, ತನ್ನ ಖುಷಿಗೆ ಹೊರಟವರ ಹಾಗೆ ನಡೆಯುತ್ತಿತ್ತು. ಒಳ್ಳೆಯ ಎಳ್ಳೆಣ್ಣೆ. ಮನೆಗೆ ತಂದು ಬಳ್ಳೊಳ್ಳಿ, ಅಜವಾನ ಹಾಕಿ ಕುದಿಸಿದೆವು. ಅವ್ವನ ಬೇರುಗಳು ಮಾತ್ರ ಇರಲಿಲ್ಲ.

ಅಲ್ಲಿಯ ಬಾಣಂತಿಯರಿಗೆ ಕಾಫಿಯ ಬೀಜ ಬಿಟ್ಟು ಬರೇ ಸಿಪ್ಪೆಯನ್ನು ಶುಂಠಿಯ ಜೊತೆ ಕುದಿಸಿ ಕೊಡುತ್ತಾರೆ. ನೀಲಮ್ಮ ಅದನ್ನು ನಮ್ಮ ಕಷಾಯಕ್ಕಿಂತ ಹೆಚ್ಚು ಇಷ್ಟಪಟ್ಟು ಕುಡಿದಳು. ಜೋಳ ಅಲ್ಲೂ ಸಿಗುತ್ತದೆ. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹಾಜರಬಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಆಮೇಲೆ ದಪ್ಪಗಾಗಿದೆ ಎಂದು ತಪ್ಪು ಹಿಡಿದು, ಉಪ್ಪಿನಕಾಯಿ ಹಚ್ಚಿಕೊಂಡು ಮೂರು ತಿನ್ನುತ್ತಿದ್ದಳು.

ದಿನಾ ಮುಂಜಾನೆ ಅವಳು ಮಣೆಯ ಮೇಲೆ ಕಾಲು ಚಾಚಿ ಕೂತು ಕೂಸನ್ನು ಎರೆಯುತ್ತಿದ್ದಳು. ನಾನು ನೀರು ಕಾಸಿ, ಹದ ನೋಡಿ, ತಂಬಿಗೆಯಿಂದ ಸುರಿಯುತ್ತಿದ್ದೆ. ಕೂಸಿನ ಅಂಗಾಲು, ಕುತ್ತಿಗೆಯ ಮಡಿಕೆ, ನೆತ್ತಿಯ ಮೆತ್ತನೆಯ ಜಾಗ ಎಲ್ಲ ನನಗೆ ಪರಿಚಯವಾಯಿತು, ಮುಟ್ಟದೆಯೇ. ಒಂದು ದಿನ ಹಾಜರಬಿ ಟವಲು ಹಿಡಿಯಲು ಹೇಳಿದಳು. ನಾನು ಹಿಂದೆ ಸರಿದೆ. ಅವಳು ನನ್ನನ್ನೂ ನೀಲಮ್ಮನನ್ನೂ ನೋಡಿ, ಟವಲನ್ನು ತಾನೇ ಎಳೆದುಕೊಂಡಳು.

ಕೂಸು ತುಂಬಿಕೊಂಡಿತು. ಮೊದಲ ಕೂಸು ಹೋದ ದಿನವನ್ನು ಇದು ದಾಟಿದಾಗ ನೀಲಮ್ಮ ಮೊದಲ ಸಲ ಹೊಟ್ಟೆ ತುಂಬ ಉಂಡಳು. ನಾನು ಆ ರಾತ್ರಿ ಮಾಡಿದ ಹೂರಣ ಜೀವಮಾನದಲ್ಲೇ ಒಳ್ಳೆಯದು, ಗುಜರಾತಿ ನೆರೆಮನೆಗೂ ಕಳಿಸಿದೆ.

ಹಾಜರಬಿಯ ದೋಣಿ

ಹಾಜರಬಿಯ ಗಂಡನ ಹುಟ್ಟೂರು ಅಲ್ಲಿಂದ ಇನ್ನೂ ಪೂರ್ವಕ್ಕೆ, ದೋಣಿಯಲ್ಲಿ ಹೋಗಬೇಕು. ಅವನ ಅಣ್ಣ ಹೇಳಿಕಳಿಸಿದನೆಂದು ಒಮ್ಮೆಲೇ ಹೊರಡುವುದೆಂದಾಯಿತು. ಅವಳು ಹೇಳಲು ಬಂದ ದಿನ ನೀಲಮ್ಮ ಅವಳಿಗೆ ಕುಬುಸದ ಬಟ್ಟೆ, ಕೊಬ್ಬರಿ, ಸಕ್ಕರೆ ಇಟ್ಟು ಉಡಿ ತುಂಬಲು ಕೂತಳು. ಐದು ಮಕ್ಕಳ ತಾಯಿ, ನಿಮ್ಮ ಕೈಗುಣದಿಂದ ನನ್ನ ಕೂಸು ಉಳಿಯಿತು ಅಂದಳು.

ಹಾಜರಬಿ ಉಡಿ ಒಡ್ಡಿದವಳು ನೀಲಮ್ಮನ ಕೈ ತಡೆದಳು.

"ಐದೂ ಮೊದಲನೇಕಿ ಮಕ್ಕಳವ್ವ," ಅಂದಳು. "ಅಕಿ ಸತ್ತ ಮ್ಯಾಲ ನಾ ಬಂದೀನಿ. ಸಣ್ಣದು ಆಗ ಹಸಿಗೂಸಿತ್ತು, ಎರದು ದೊಡ್ಡದು ಮಾಡೀನಿ. ನನ್ನ ಹೊಟ್ಟ್ಯಾಗ ಒಂದೂ ಹುಟ್ಟಿಲ್ಲ."

ನೀಲಮ್ಮನ ಕೈಯಲ್ಲಿ ಕೊಬ್ಬರಿ ಬಟ್ಟಲು ಹಾಗೇ ಇತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ದರ ಕೂಸು ನನ್ನ ಕೈಗಿ ಕೊಡ್ತಿದ್ದೇನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೀಲಮ್ಮ ಬಗ್ಗಿ ಅವಳ ಉಡಿ ತುಂಬಿದಳು. ಹಾಜರಬಿ ಕೂಸಿನ ಕೆನ್ನೆಗೆ ದೊಡ್ಡ ಕಾಡಿಗೆ ಬೊಟ್ಟಿಟ್ಟು, ನನ್ನ ಗದ್ದ ಹಿಡಿದು, ಊರಿಗೆ ಹೋದರೆ ಸಗರದ ದಾರಿಯಲ್ಲಿ ತನ್ನನ್ನು ನೆನೆ ಅಂದಳು. ಮಕ್ಕಳು ಅಮ್ಮಾ ಅಮ್ಮಾ ಎಂದು ಕೂಗುತ್ತ ಮೆಟ್ಟಿಲಿಳಿದವು. ನಾನು ಮಾಳಿಗೆಗೆ ಹೋಗಿ ಓಣಿಯ ತಿರುವಿನವರೆಗೆ ಅವರನ್ನು ನೋಡಿದೆ.

ಕೊನೆಯ ವಾರ

ಮರುದಿನ ಮುಂಜಾನೆ ರೂಢಿಯಂತೆ ನೀರು ಕಾಸಿದೆ. ಎರೆಯಲು ಬರುವಿರಾ ಎಂದು ಗುಜರಾತಿ ನೆರೆಮನೆಯವಳನ್ನು ಕೇಳಲು ಶರಣಪ್ಪ ಚಪ್ಪಲಿ ಮೆಟ್ಟಿದ. ಆಕೆಗೆ ಮೂರು ಮಕ್ಕಳು. ಒಳಗಿನಿಂದ ನೀಲಮ್ಮ ಬೇಡ ಎಂದು ಕೂಗಿದಳು. ಹಿಂದಿನ ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಇವತ್ತು ಎರೆಯುವುದೇ ಬೇಡವೆನ್ನುತ್ತಾಳೆಂದು ತಿಳಿದು, ನಾನು ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದೆ.

ಅವಳು ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಬಂದಳು. ಮಣೆಯನ್ನು ತಾನೇ ಕಾಲಿನಿಂದ ಸರಿಸಿ ಹಾಕಿದಳು.

"ಅಕ್ಕಾ, ಕಾಲು ಚಾಚು," ಅಂದಳು.

ನಾನು ಅವಳ ಮುಖ ನೋಡಿದೆ. ಅವಳು ಕೂಸಿನ ಬಟ್ಟೆ ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಸೀರೆಯನ್ನು ಮೊಳಕಾಲವರೆಗೆ ಸರಿಸಿ ಕೂತೆ. ಅವಳು ಬಗ್ಗಿ ಕೂಸನ್ನು ನನ್ನ ಕಾಲುಗಳ ಮೇಲೆ ಮಲಗಿಸಿದಳು. ಇಷ್ಟು ದಿನ ನೋಡಿದ್ದೆ, ಅಷ್ಟು ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದೆ. ನೆತ್ತಿ, ಎದೆ, ತೋಳು, ಪುಟ್ಟ ಬೆನ್ನು. ನೀಲಮ್ಮ ತಂಬಿಗೆಯಲ್ಲಿ ನೀರು ತುಂಬಿ ನನ್ನ ಕೈಗೆ ಕೊಟ್ಟಳು. ಮೊದಲ ನೀರು ಬಿದ್ದದ್ದೇ ಕೂಸು ಕಿಟಾರನೆ ಅತ್ತಿತು, ನಾನು ತಂಬಿಗೆ ಕೆಳಗಿಟ್ಟುಬಿಟ್ಟೆ.

"ಅಳಲಿ ಬಿಡು," ಅಂದಳು ನೀಲಮ್ಮ, ನನ್ನ ಪಕ್ಕ ಕೂತುಕೊಳ್ಳುತ್ತ. "ಎರಿಯೋ ಮುಂದ ಎಲ್ಲಾ ಕೂಸೂ ಅಳ್ತಾವ. ನೀ ಎರಿ."

ನಾನು ಎರೆದೆ.